ತಿಥಿ ನೋಡಿ ಗಾಳ ಹಾಕಿ: ಗಂಗೊಳ್ಳಿ ಹೊಳೆಯಲ್ಲಿ ತಳದ ಮೀನು ಹಿಡಿಯುವ ಬಗೆ

ಹೆಮ್ಮಾಡಿ ಕಡೆ ನನ್ನದೊಂದು ಬೈಕ್ ಗ್ಯಾರೇಜು ಇದೆ. ಆಯಿಲ್ ಬದಲಿಸಲು ಬಂದವರು ಮೂಲೆಯಲ್ಲಿ ಒರಗಿಸಿಟ್ಟ ಗಾಳದ ರಾಡು ನೋಡುತ್ತಾರೆ, ಮಾತು ಸೀದಾ ಮೀನಿಗೆ ಹೋಗುತ್ತದೆ. ಎಲ್ಲರ ಮೊದಲ ಪ್ರಶ್ನೆ ಒಂದೇ. ಯಾವ ಜಾಗದಲ್ಲಿ ಹಾಕುವುದು? ನಾನು ತಿರುಗಿ ಕೇಳುವುದೂ ಒಂದೇ. ಇವತ್ತು ತಿಥಿ ಯಾವುದು? ಕೆಲವರು ನಗುತ್ತಾರೆ, ಭಟ್ಟರ ಹತ್ತಿರ ಬಂದ ಹಾಗಾಯ್ತಲ್ಲ ಅಂತ. ಆದರೆ ಸಮುದ್ರದ ನೀರು ಏರಿ ಇಳಿಯುವ ಹೊಳೆಯಲ್ಲಿ ಜಾಗ ಎಂಬುದು ಗಂಟೆಗೊಮ್ಮೆ ಬದಲಾಗುತ್ತದೆ. ಬೆಳಿಗ್ಗೆ ಮೀನು ಓಡಾಡಿದ ಕಡೆ ಸಂಜೆ ಬರೀ ಕೆಸರು. ಹಾಗಾಗಿ ಮೊದಲು ನೀರು, ಆಮೇಲೆ ದಾರವನ್ನು ತಳಕ್ಕೆ ಇಳಿಸುವ ಸೀಸ, ಕೊನೆಗೆ ಗಾಳ. ಇದೇ ಕ್ರಮದಲ್ಲಿ ಹೇಳುತ್ತೇನೆ.

ನಾನು ಹೇಳುತ್ತಿರುವುದು ಕುಂದಾಪುರದ ಪಂಚಗಂಗಾವಳಿಯ ವಿಷಯ. ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಸೇರಿ ಐದು ಹೊಳೆಗಳು ಒಂದಾಗಿ ಗಂಗೊಳ್ಳಿ ಮತ್ತು ಕೋಡಿಯ ನಡುವಿನ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಸೌಪರ್ಣಿಕಾ ಮರವಂತೆಯಲ್ಲಿ ಸಮುದ್ರದ ಪಕ್ಕಕ್ಕೇ ಬರುತ್ತದೆ. ನಡುವೆ ಹೆದ್ದಾರಿ ಮತ್ತು ಒಂದಿಷ್ಟು ಮರಳು, ಅಷ್ಟೇ. ಆದರೂ ಅಲ್ಲಿ ಸೇರದೆ ತಿರುಗಿ ಇಷ್ಟು ದೂರ ಬಂದು ಗಂಗೊಳ್ಳಿಯಲ್ಲಿ ಸೇರುತ್ತದೆ. ಈ ಸುತ್ತಾಟದಿಂದ ನಮಗೇ ಲಾಭ. ಉಪ್ಪು ನೀರಿನ ಹೊಳೆ ಅಷ್ಟು ಉದ್ದಕ್ಕೆ ಸಿಕ್ಕಿತು. ಅದರಲ್ಲಿ ಕುದ್ರು ಅನ್ನುವ ನಡುಗಡ್ಡೆಗಳು, ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಮರಳು ದಿಬ್ಬ, ಸೇತುವೆ ಕಂಬ ಎಲ್ಲ ಇವೆ.

ನೀರಿನ ಲೆಕ್ಕ

ನಮ್ಮಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡು ಉಬ್ಬರವೂ ಒಂದೇ ಎತ್ತರ ಇರುವುದಿಲ್ಲ, ಒಂದು ಸ್ವಲ್ಪ ದೊಡ್ಡದು, ಇನ್ನೊಂದು ಚಿಕ್ಕದು. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅದರ ನಂತರದ ಒಂದೆರಡು ದಿನ ನೀರು ಜೋರು. ಅಷ್ಟಮಿಯ ಆಚೀಚೆ ಮಂದ. ಗುಜರಾತಿನ ಖಂಭಾತದ ಕಡೆ ಎಂಟು ಹತ್ತು ಮೀಟರ್ ಏರುತ್ತದಂತೆ ಅಂತ ಕೇಳಿ ಹೆದರಬೇಡಿ. ನಮ್ಮಲ್ಲಿ ದೊಡ್ಡ ಉಬ್ಬರಕ್ಕೂ ಸುಮಾರು ಒಂದೂವರೆ ಮೀಟರ್. ಅಷ್ಟಾದರೂ ಕಿರಿದಾದ ಅಳಿವೆಯಲ್ಲಿ ಅಷ್ಟೂ ನೀರು ನುಗ್ಗಿ ಹೊರಬರಬೇಕಲ್ಲ, ಆ ಸೆಳೆತ ಸಣ್ಣದಲ್ಲ.

ಹುಣ್ಣಿಮೆ, ಅಮಾವಾಸ್ಯೆಯ ದಿನ ಗಂಗೊಳ್ಳಿ ಅಳಿವೆಯಲ್ಲಿ ನೀರು ತುಂಬುವುದು ಹೆಚ್ಚುಕಡಿಮೆ ಹನ್ನೊಂದು ಗಂಟೆಯ ಆಚೀಚೆ, ಹಗಲೂ ರಾತ್ರಿಯೂ. ಅಲ್ಲಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಪಂಚಮಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ತುಂಬುತ್ತದೆ. ಅಷ್ಟಮಿಗೆ ಸಂಜೆ ಐದೂವರೆ. ಗೋಡೆ ಮೇಲಿನ ಕ್ಯಾಲೆಂಡರು ಸಾಕು ಈ ಲೆಕ್ಕಕ್ಕೆ. ಸರಿಯಾದ ಸಮಯ ಬೇಕು ಅನ್ನುವವರು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಉಬ್ಬರದ ಮುನ್ಸೂಚನೆ ನೋಡಿ. ಹೊಸ ಮಂಗಳೂರು ಬಂದರಿನ ಅಥವಾ ಕಾರವಾರದ ಪಟ್ಟಿ ಸಾಕು, ನಮಗೆ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಒಂದು ಮಾತ್ರ ನೆನಪಿಡಿ. ಪಟ್ಟಿಯಲ್ಲಿ ಇರುವುದು ಸಮುದ್ರದ ಸಮಯ. ಹೊಳೆಯೊಳಗೆ ಮೇಲೆ ಹೋದಷ್ಟೂ ಉಬ್ಬರ ತಡವಾಗಿ ಬರುತ್ತದೆ. ಗಂಗೊಳ್ಳಿಯಲ್ಲಿ ನೀರು ಇಳಿಯಲು ಶುರುವಾದರೂ ಅರಾಟೆ ಸೇತುವೆ ಹತ್ತಿರ ಇನ್ನೂ ಏರುತ್ತಿರಬಹುದು. ನಿಮ್ಮ ಜಾಗಕ್ಕೆ ಎಷ್ಟು ತಡ ಅಂತ ಒಂದು ಕಲ್ಲಿಗೆ ಗುರುತು ಮಾಡಿ ಒಮ್ಮೆ ನೋಡಿಕೊಂಡರೆ ಆಯಿತು.

ಈಗ ಮೀನಿನ ಹೊತ್ತು. ನನ್ನ ಲೆಕ್ಕದಲ್ಲಿ ಉಬ್ಬರದ ಕೊನೆಯ ಎರಡು ಗಂಟೆ ಮತ್ತು ಇಳಿತದ ಮೊದಲ ಎರಡು ಗಂಟೆ. ಏರುವ ನೀರು ದಂಡೆಯ ಕೆಸರು, ಕಾಂಡ್ಲಾ ಬೇರು, ಗದ್ದೆ ಅಂಚಿನ ತೋಡು ಎಲ್ಲವನ್ನೂ ಮುಳುಗಿಸುತ್ತದೆ. ಸಿಗಡಿ, ಸಣ್ಣ ಏಡಿ, ಹುಳ ಹುಡುಕಿಕೊಂಡು ಮೀನು ಅದರ ಹಿಂದೆಯೇ ದಂಡೆಗೆ ಬರುತ್ತದೆ. ನೀರು ಇಳಿಯುವಾಗ ಅದೇ ಸಿಗಡಿ ತೋಡಿನಿಂದ ಹೊರಗೆ ಬರಲೇಬೇಕು. ಕೆಂಬೇರಿ, ಕುರುಡಿಯಂಥ ದೊಡ್ಡ ಬಾಯಿಯ ಮೀನುಗಳು ತೋಡಿನ ಬಾಯಲ್ಲೇ ಕಾದು ನಿಲ್ಲುತ್ತವೆ. ಅಂದರೆ ಏರುವಾಗ ದಂಡೆಗೆ ಹತ್ತಿರ, ಇಳಿಯುವಾಗ ತೋಡು ಹೊಳೆಗೆ ಸೇರುವ ಬಾಯಿಗೆ ಗಾಳ ಹಾಕಬೇಕು. ನೀರು ಪೂರ್ತಿ ನಿಂತ ಹೊತ್ತಲ್ಲಿ ಏಡಿಗಳು ಗಾಳಕ್ಕೆ ಸಿಕ್ಕಿಸಿದ ಎರೆ ತಿಂದು ಮುಗಿಸುತ್ತವೆ. ಆಗ ಚಾ ಕುಡಿಯಿರಿ.

ಸಂಜೆ ಅಂಗಡಿ ಮುಚ್ಚಿ ಬರುವ ನನ್ನಂಥವರಿಗೆ ಏಕಾದಶಿಯಿಂದ ತ್ರಯೋದಶಿವರೆಗಿನ ದಿನಗಳು ಒಳ್ಳೆಯವು. ರಾತ್ರಿ ಎಂಟು, ಒಂಬತ್ತರ ಹೊತ್ತಿಗೆ ನೀರು ತುಂಬುತ್ತದೆ. ಮಂದ ಮುಗಿದು ಸೆಳೆತ ದಿನದಿನ ಜಾಸ್ತಿ ಆಗುತ್ತಿರುತ್ತದೆ. ಸೂರ್ಯ ಮುಳುಗುವ ಹೊತ್ತು ಮತ್ತು ಏರುವ ನೀರು ಎರಡೂ ಒಟ್ಟಿಗೆ ಸಿಗುತ್ತವೆ. ತೊಂದರೆ ಏನೆಂದರೆ, ನಮ್ಮ ಅಮ್ಮ ಏಕಾದಶಿಗೆ ಮನೆಯೊಳಗೆ ಮೀನು ತರಲು ಬಿಡುವುದಿಲ್ಲ. ಅವತ್ತಿನ ಮೀನು ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಮಲಗುತ್ತದೆ.

ಇನ್ನೊಂದು ಸಂಗತಿ ಹೊಸಬರಿಗೆ ಯಾರೂ ಹೇಳುವುದಿಲ್ಲ. ಉಪ್ಪು ನೀರು ಸಿಹಿ ನೀರಿಗಿಂತ ಭಾರ. ಮಳೆ ಮುಗಿದ ಹೊಸತರಲ್ಲಿ, ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ, ಮೇಲಿನ ನೀರು ಇನ್ನೂ ಸಮುದ್ರದ ಕಡೆಗೇ ಹರಿಯುತ್ತಿರುತ್ತದೆ. ಎಲೆ, ಕಸ ಎಲ್ಲ ಪಶ್ಚಿಮಕ್ಕೇ ಹೋಗುತ್ತಿರುತ್ತವೆ. ಆದರೆ ತಳದಲ್ಲಿ ಸಮುದ್ರದ ನೀರು ಆಗಲೇ ಒಳಗೆ ನುಗ್ಗಿರುತ್ತದೆ. ಸೀಸ ತಳ ಮುಟ್ಟಿದ ಮೇಲೆ ದಾರ ಹೊಳೆಯ ಮೇಲ್ಗಡೆಗೆ, ಪೂರ್ವಕ್ಕೆ ಎಳೆಯುತ್ತಿದೆ ಅನಿಸಿದರೆ ಅದೇ ಕಾರಣ. ತಳದ ಗಾಳ ಹಾಕುವವರು ನಂಬಬೇಕಾದ್ದು ಬೆರಳಿಗೆ ತಾಗುವ ಎಳೆತವನ್ನು. ಮೇಲೆ ತೇಲುವ ಎಲೆಯನ್ನು ನೋಡಿ "ಇನ್ನೂ ಇಳಿತವೇ ಇದೆ" ಅಂತ ಎದ್ದು ಹೋದವರು ಒಳ್ಳೆಯ ಹೊತ್ತನ್ನೇ ಬಿಟ್ಟು ಹೋಗುತ್ತಾರೆ.

ವಾರಾಹಿ ಕವಲಿನ ಲೆಕ್ಕ ಸ್ವಲ್ಪ ಬೇರೆ. ಹೊಸಂಗಡಿಯ ಭೂಗತ ವಿದ್ಯುದಾಗಾರದಿಂದ ಬಿಟ್ಟ ನೀರು ಬೇಸಿಗೆಯಲ್ಲೂ ಆ ಕಡೆ ಬರುತ್ತದೆ. ಸೌಪರ್ಣಿಕೆಗೆ ಆ ಆಸರೆ ಇಲ್ಲ, ಮಾರ್ಚ್ ಏಪ್ರಿಲಿನಲ್ಲಿ ಉಪ್ಪು ಜೋರಾಗಿ ಮೇಲಕ್ಕೆ ಹತ್ತುತ್ತದೆ. ಅದನ್ನು ತಡೆಯಲೆಂದೇ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುವುದು. ಉಪ್ಪು ಹತ್ತಿದ ಹಾಗೆ ಕಡಲ ಕಡೆಯ ಮೀನೂ ಮೇಲೆ ಹತ್ತುತ್ತದೆ. ಮಳೆಗಾಲದಲ್ಲಿ ಕೆಂಪು ನೀರು ಬಂದಾಗ ನಾನು ಹೊಳೆಗೆ ಇಳಿಯುವುದೇ ಇಲ್ಲ. ಮರದ ದಿಮ್ಮಿ ತೇಲಿ ಬರುವ ನೀರಿನಲ್ಲಿ ಸೀಸ ನಿಲ್ಲುವುದಿಲ್ಲ, ಮನುಷ್ಯನೂ ನಿಲ್ಲುವುದಿಲ್ಲ.

ಸೀಸ

ತಳದ ಗಾಳ ಕೆಡುವುದು ಹೆಚ್ಚಾಗಿ ಸೀಸದಿಂದ. ಪೇಟೆಯಲ್ಲಿ 100 ಗ್ರಾಂ ಸೀಸ ತೆಗೆದುಕೊಂಡು, ವರ್ಷವಿಡೀ ಅದನ್ನೇ ಎಸೆಯುತ್ತಾರೆ. ಗಂಗೊಳ್ಳಿಯ ಹಿರಿಯ ಮೀನುಗಾರರೊಬ್ಬರು ದಂಡೆಯಲ್ಲಿ ನಿಂತು ಅಂಥವರನ್ನು ಕೇಳುತ್ತಾರೆ, "ಹ್ವಾಯ್, ಗಾಳ ಹಾಕುದಾ, ಲಂಗರ್ ಹಾಕುದಾ?" ಸೀಸ ತುಂಬಾ ಭಾರವಾದರೆ ಎಸೆದ ಕಡೆಯೇ ಹೂತು ಕೂರುತ್ತದೆ. ಮೀನು ಇರುವುದು ಹತ್ತು ಅಡಿ ಆಚೆಯ ತಗ್ಗಿನಲ್ಲಾದರೆ ನಿಮ್ಮ ಎರೆ ಅಲ್ಲಿಗೆ ಹೋಗುವುದೇ ಇಲ್ಲ. ತೀರಾ ಹಗುರವಾದರೆ ದಂಡೆಗೆ ಬಂದು ಬೀಳುತ್ತದೆ.

ಸರಿಯಾದ ತೂಕ ಕಂಡುಹಿಡಿಯಲು ಹೀಗೆ ಮಾಡಿ. ಸ್ವಲ್ಪ ಮೇಲ್ಗಡೆಗೆ, ಅಂದರೆ ನೀರು ಬರುವ ಕಡೆಗೆ ಎಸೆಯಿರಿ. ಸೀಸ ತಳ ಮುಟ್ಟುವವರೆಗೆ ದಾರ ಬಿಡುತ್ತಾ ಇರಿ. ಮುಟ್ಟಿದ ಮೇಲೂ ಒಂದೆರಡು ಮಾರು ಜಾಸ್ತಿ ಬಿಡಿ, ದಾರ ನೀರಿನಲ್ಲಿ ಬಿಲ್ಲಿನಂತೆ ಬಾಗಲಿ. ಈಗ ಸೀಸ ನಿಂತಿದೆ. ರಾಡಿನ ತುದಿಯನ್ನು ಒಂದು ಗೇಣು ಮೇಲೆತ್ತಿ. ಸೀಸ ಬಿಡಿಸಿಕೊಂಡು ಒಂದು ಹೆಜ್ಜೆ ಉರುಳಿ ಮತ್ತೆ ನಿಂತರೆ ತೂಕ ಸರಿ. ಎತ್ತಿದರೂ ಅಲುಗದಿದ್ದರೆ ಇಳಿಸಿ. ಎತ್ತದೆಯೇ ಉರುಳುತ್ತಿದ್ದರೆ ಏರಿಸಿ. ಅಷ್ಟಮಿಯ ಮಂದ ನೀರಿಗೆ 20ರಿಂದ 30 ಗ್ರಾಂ ಸಾಕು. ಮಾಮೂಲಿ ದಿನಕ್ಕೆ 40ರಿಂದ 60. ಹುಣ್ಣಿಮೆಯ ಇಳಿತದಲ್ಲಿ, ಸೇತುವೆ ಕಂಬದ ಪಕ್ಕ 80 ಬೇಕಾಗಬಹುದು. ಒಂದೇ ಸಂಜೆಯಲ್ಲಿ ಮೂರು ಸಲ ಸೀಸ ಬದಲಿಸುವುದು ನನಗೆ ಮಾಮೂಲು. ನೀರು ಬದಲಾದಂತೆ ಸೀಸ ಬದಲಾಗಬೇಕು, ಅದಕ್ಕೆ ಸೋಮಾರಿತನ ಮಾಡಬಾರದು.

ಹೀಗೆ ಒಂದೊಂದೇ ಹೆಜ್ಜೆ ಉರುಳಿಸುತ್ತಾ ಹೋದರೆ ಹೊಳೆಯ ತಳ ಕೈಗೇ ಗೊತ್ತಾಗುತ್ತದೆ. ಮರಳಿನ ಮೇಲೆ ಸೀಸ ಕರಕರ ಅಂತ ಜಾರುತ್ತದೆ. ಕೆಸರಲ್ಲಿ ಅಂಟಿಕೊಂಡು, ಎತ್ತಿದಾಗ ತಡೆದು ಬಿಡುತ್ತದೆ. ಕಲ್ಲು, ಚಿಪ್ಪು ಇದ್ದರೆ ಟಕ್ ಟಕ್ ಅಂತ ಬಡಿಯುತ್ತದೆ. ಒಮ್ಮೆಲೇ ದಾರ ಸಡಿಲಾಗಿ ಸೀಸ ಕೆಳಗೆ ಜಾರಿದರೆ ಅದೇ ತಗ್ಗಿನ ಅಂಚು. ಅಲ್ಲಿ ನಿಲ್ಲಿಸಿ, ಕಾಯಿರಿ. ಸೆಳೆತದಿಂದ ತಪ್ಪಿಸಿಕೊಂಡು ಮೀನು ನಿಲ್ಲುವುದು ಅಲ್ಲೇ.

ಕಲ್ಲು ಇರುವ ಕಡೆ ನಾನು ಸೀಸ ಹಾಳು ಮಾಡುವುದಿಲ್ಲ. ಹಳೆಯ ಸ್ಪಾರ್ಕ್ ಪ್ಲಗ್ ಹಾಕುತ್ತೇನೆ. ಒಂದೊಂದು 30ರಿಂದ 50 ಗ್ರಾಂ ತೂಗುತ್ತದೆ. ಗ್ಯಾರೇಜಿನಲ್ಲಿ ಡಬ್ಬಿಗಟ್ಟಲೆ ಬಿದ್ದಿರುತ್ತವೆ, ನಿಮ್ಮ ಊರಿನ ಮೆಕ್ಯಾನಿಕನನ್ನು ಕೇಳಿದರೆ ಸುಮ್ನೆ ಕೊಡುತ್ತಾನೆ. ಪ್ಲಗ್ಗಿನ ತುದಿಯ ಎಲೆಕ್ಟ್ರೋಡನ್ನು ಇಕ್ಕಳದಲ್ಲಿ ಬಗ್ಗಿಸಿ ಮುಚ್ಚಿದರೆ ಒಂದು ಕೊಂಡಿ ಆಗುತ್ತದೆ. ಆ ಕೊಂಡಿಗೆ ಒಂದು ಗೇಣು ತೆಳು ದಾರ, 0.25 ಮಿಲಿಮೀಟರಿನದು, ಕಟ್ಟಿ ಅದನ್ನು ಮುಖ್ಯ ದಾರದ ಸ್ವಿವೆಲಿಗೆ, ಅಂದರೆ ತಿರುಗುವ ಕೊಂಡಿಗೆ, ಸೇರಿಸಿ. ಪ್ಲಗ್ ಕಲ್ಲಿನ ಸಂದಿಗೆ ಸಿಕ್ಕಿತು ಅನ್ನಿ. ಜೋರಾಗಿ ಎಳೆದಾಗ ತುಂಡಾಗುವುದು ಆ ತೆಳು ದಾರ ಮಾತ್ರ. ಗಾಳ, ಅದರಲ್ಲಿ ಮೀನಿದ್ದರೆ ಮೀನು, ವಾಪಸು ಬರುತ್ತದೆ.

ಚಕ್ರ ಬ್ಯಾಲೆನ್ಸಿಂಗ್ ಮಾಡುವ ಹಳೆಯ ಸೀಸದ ತುಂಡು ಕರಗಿಸಿ ಎರಕ ಹೊಯ್ಯುವವರೂ ಇದ್ದಾರೆ. ಮಾಡುವುದಿದ್ದರೆ ಬಯಲಲ್ಲಿ ಮಾಡಿ, ಅಡುಗೆ ಪಾತ್ರೆ ಬೇಡ. ಅಚ್ಚು ಪೂರ್ತಿ ಒಣಗಿರಲಿ. ಒಂದು ಹನಿ ನೀರಿದ್ದರೂ ಕಾದ ಸೀಸ ಸಿಡಿದು ಮುಖಕ್ಕೆ ಹಾರುತ್ತದೆ. ಹೊಗೆ ಮಕ್ಕಳ ಹತ್ತಿರ ಸುಳಿಯಬಾರದು.

ಕಟ್ಟುವ ಬಗೆ

ರಾಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 8ರಿಂದ 10 ಅಡಿಯ ಗಟ್ಟಿ ರಾಡು, 4000 ಅಳತೆಯ ರೀಲು, 0.40 ಮಿಲಿಮೀಟರಿನ ನೈಲಾನ್ ದಾರ. ದುಡ್ಡು ಇಲ್ಲದಿದ್ದರೆ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ದಾರ ಸುತ್ತಿಕೊಂಡು ಕೈಯಲ್ಲೇ ಹಾಕಿ. ಮೀನಿಗೆ ರಾಡು ಕಾಣುವುದಿಲ್ಲ. ಕೈದಾರ ಹಾಕುವವರು ಒಂದು ವಿಷಯ ಮರೆಯಬೇಡಿ. ದಾರವನ್ನು ತೋರುಬೆರಳ ಮೇಲೆ ಹಾಯಿಸಿ ಹಿಡಿಯಿರಿ, ಸುತ್ತಿಕೊಳ್ಳಬೇಡಿ. ದೊಡ್ಡ ಮೀನು ಎಳೆದಾಗ ನೈಲಾನ್ ದಾರ ಬೆರಳಿನ ಮಾಂಸ ಕೊಯ್ದು ಮೂಳೆಗೆ ಇಳಿಯುತ್ತದೆ.

ತಳದ ಗಾಳಕ್ಕೆ ಬೇಕಾದ ಕಟ್ಟು ಸುಲಭ. ಮುಖ್ಯ ದಾರವನ್ನು ನಡುವೆ ತೂತಿರುವ ಸೀಸದೊಳಗೆ ಹಾಯಿಸಿ. ಅದರ ಕೆಳಗೆ ಒಂದು ಸಣ್ಣ ಮಣಿ, ಆಮೇಲೆ ಸ್ವಿವೆಲ್. ಸ್ವಿವೆಲಿನ ಇನ್ನೊಂದು ಕಡೆ ಗಾಳದ ದಾರ. ಸೀಸ ಮುಖ್ಯ ದಾರದ ಮೇಲೆ ಓಡಾಡುವಂತಿರಬೇಕು, ಆಗ ಮೀನು ಎರೆ ಎಳೆದರೆ ಭಾರ ತಿಳಿಯುವುದಿಲ್ಲ. ಮಣಿ ಇಲ್ಲದಿದ್ದರೆ ಸೀಸ ಗಂಟಿಗೆ ಬಡಿದು ಬಡಿದು ದಾರ ಸವೆಸುತ್ತದೆ. ಗಾಳದ ದಾರ ಎಷ್ಟು ಉದ್ದ ಅನ್ನುವುದು ಸೆಳೆತದ ಮೇಲೆ. ಮಂದ ನೀರಲ್ಲಿ, ಮರಳಿನ ಮೇಲೆ ಎರಡೂವರೆ ಅಡಿವರೆಗೆ ಬಿಡಬಹುದು. ಕಲ್ಲು, ಬೇರು ಇರುವ ಕಡೆ ಒಂದು ಅಡಿ ಸಾಕು, ಉದ್ದವಾದಷ್ಟೂ ಸಿಕ್ಕಿಕೊಳ್ಳುತ್ತದೆ. ಕೆಂಬೇರಿ ಇರುವ ಕಡೆ ಆ ತುಂಡು 0.60ರದ್ದೇ ಇರಲಿ.

ಗಂಟು ಹೀಗೆ. ದಾರವನ್ನು ಗಾಳದ ಕಣ್ಣಿನಲ್ಲಿ ಹಾಯಿಸಿ, ತುದಿಯನ್ನು ಮುಖ್ಯ ದಾರಕ್ಕೆ ಐದು ಸುತ್ತು ಸುತ್ತಿ. ಕಣ್ಣಿನ ಪಕ್ಕ ಉಳಿದ ಸಣ್ಣ ಕುಣಿಕೆಯೊಳಗೆ ತುದಿ ತೂರಿಸಿ, ಆಗ ಆದ ದೊಡ್ಡ ಕುಣಿಕೆಯಲ್ಲೂ ಒಮ್ಮೆ ತೂರಿಸಿ. ಬಿಗಿಯುವ ಮೊದಲು ಎಂಜಲು ಹಚ್ಚಿ. ಒಣ ನೈಲಾನ್ ಉಜ್ಜಿ ಬಿಸಿಯಾದರೆ ಅಲ್ಲೇ ದುರ್ಬಲ ಆಗುತ್ತದೆ. ಬಿಗಿದ ಮೇಲೆ ಗಾಳವನ್ನು ಚಪ್ಪಲಿಯ ಪಟ್ಟಿಗೆ ಸಿಕ್ಕಿಸಿ ಜೋರಾಗಿ ಎಳೆದು ನೋಡಿ. ಗಂಟು ಬಿಚ್ಚುವುದಾದರೆ ಅಲ್ಲೇ ಬಿಚ್ಚಲಿ.

ಗಾಳದ ಅಳತೆ ಬಾಯಿ ನೋಡಿ. ಕಾಣೆ (ಲೇಡಿಫಿಶ್) ಮೀನಿಗೆ ಬಾಯಿ ತೀರಾ ಸಣ್ಣದು, 6 ಅಥವಾ 4 ನಂಬರಿನ ಉದ್ದ ಕಾಲಿನ ಗಾಳ. ಶೇಡಿ (ಕ್ಯಾಟ್‌ಫಿಶ್), ಸಣ್ಣ ಕೆಂಬೇರಿಗೆ 1/0ದಿಂದ 2/0. ಪೇಟೆಯಲ್ಲಿ ಸೀಬಾಸ್ ಅಂತ ಮಾರುವ ಕುರುಡಿಗೆ 4/0. ಈಗೀಗ ನಾನು ದೊಡ್ಡ ಮೀನಿಗೆ ಸರ್ಕಲ್ ಗಾಳವನ್ನೇ ಹಾಕುತ್ತೇನೆ. ಮೊನೆ ಒಳಕ್ಕೆ ಬಾಗಿರುವ ಇದು ಗಂಟಲಿಗೆ ಇಳಿಯುವುದು ಕಡಿಮೆ, ತುಟಿಯ ಮೂಲೆಗೆ ಸಿಕ್ಕುತ್ತದೆ. ಸಣ್ಣ ಮೀನು ಬಂದರೆ ಗಾಯ ಮಾಡದೆ ಬಿಡಬಹುದು. ಆದರೆ ಸರ್ಕಲ್ ಗಾಳಕ್ಕೆ ಜರ್ಕ್ ಹೊಡೆಯಬಾರದು. ಮೀನು ಎಳೆದುಕೊಂಡು ಹೋಗುವಾಗ ಸುಮ್ನೆ ದಾರ ಬಿಗಿ ಮಾಡಿ ಸುತ್ತುತ್ತಾ ಬನ್ನಿ.

ಎರೆ

ಒಂದೇ ಎರೆ ಹೇಳಿ ಅಂದರೆ ಸಿಗಡಿ. ಅದರಲ್ಲೂ ಆ ಹೊಳೆಯದ್ದೇ, ಜೀವ ಇರುವಂಥದ್ದು. ಬೀಸುಬಲೆ ಇರುವ ಗೆಳೆಯ ಒಬ್ಬ ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ. ಹಿಡಿದ ಸಿಗಡಿಯನ್ನು ಹೊಳೆಯ ನೀರಿರುವ ಬಕೆಟ್ಟಿನಲ್ಲೇ ಇಡಿ. ನಲ್ಲಿ ನೀರು ತಾಗಿದರೆ ಸಾಯುತ್ತದೆ. ಬಿಸಿಲಾದರೆ ಬಕೆಟ್ಟಿಗೆ ಒದ್ದೆ ಗೋಣಿ ಮುಚ್ಚಿ, ಆಗಾಗ ನೀರು ಬದಲಿಸಿ.

ಜೀವಂತ ಸಿಗಡಿಯನ್ನು ಬೆಳಕಿಗೆ ಹಿಡಿದು ನೋಡಿ. ತಲೆಯೊಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ, ಅದಕ್ಕೆ ಚುಚ್ಚಿದರೆ ಸತ್ತುಹೋಗುತ್ತದೆ. ಆ ಚುಕ್ಕೆಯ ಮುಂದೆ, ತಲೆ ಮೇಲಿನ ಗರಗಸದಂಥ ಕೊಂಬಿನ ಬುಡದಲ್ಲಿ ಗಾಳದ ಮೊನೆ ಅಡ್ಡ ಹಾಯಿಸಿ. ಸಿಗಡಿ ತಳದಲ್ಲಿ ಒದ್ದಾಡುತ್ತಾ ಇರುತ್ತದೆ, ಕೆಂಬೇರಿಗೆ ಅಷ್ಟು ಸಾಕು. ಸತ್ತ ಸಿಗಡಿಯಾದರೆ ಬಾಲದ ಬೀಸಣಿಗೆ ಚಿವುಟಿ ತೆಗೆಯಿರಿ, ಇಲ್ಲದಿದ್ದರೆ ಸೆಳೆತದಲ್ಲಿ ಗಿರಗಿರ ತಿರುಗಿ ದಾರ ಹೊಸೆದುಬಿಡುತ್ತದೆ. ಬಾಲದ ಕಡೆಯಿಂದ ಗಾಳ ತೂರಿಸಿ, ಹೊಟ್ಟೆಯ ಉದ್ದಕ್ಕೂ ಹಾಯಿಸಿ, ಮೊನೆ ಹೊರಗೆ ಕಾಣುವಂತೆ ಬಿಡಿ. ಮೊನೆ ಮುಚ್ಚಿದ ಗಾಳ ಮೀನಿಗೆ ಬರೀ ಊಟ.

ಮಳಿ, ಅಂದರೆ ಚಿಪ್ಪುಮೀನು, ಕೂಡ ಒಳ್ಳೆಯದು, ಕಾಣೆಗೆ ಅದನ್ನೇ ಹಾಕುತ್ತೇನೆ. ಚಿಪ್ಪು ಬಿಡಿಸಿದ ಮಾಂಸ ಮೆತ್ತಗಿರುತ್ತದೆ. ಕಲ್ಲುಪ್ಪು ಉದುರಿಸಿ ಅರ್ಧ ಗಂಟೆ ಇಟ್ಟರೆ ಗಟ್ಟಿಯಾಗುತ್ತದೆ. ಆಮೇಲೆ ಹೊಲಿಗೆ ನೂಲಿನಿಂದ ಗಾಳಕ್ಕೆ ನಾಲ್ಕು ಸುತ್ತು ಬಿಗಿಯಿರಿ. ಬೈಗೆ ಮೀನಿನ ತುಂಡು ಶೇಡಿಗೆ ಇಷ್ಟ, ಎಣ್ಣೆ ಜಾಸ್ತಿ ಇರುವುದರಿಂದ ವಾಸನೆ ದೂರ ಹೋಗುತ್ತದೆ. ಕಡ್ಡಿಯಷ್ಟು ಅಗಲದ ಪಟ್ಟಿ ಕೊಯ್ದು, ಚರ್ಮದ ಕಡೆಯಿಂದ ಚುಚ್ಚಿ. ಯಾವ ಎರೆಯಾದರೂ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎತ್ತಿ ನೋಡಿ. ವಾಸನೆ ತೊಳೆದುಹೋಗಿ ಬಿಳಿಚಿಕೊಂಡ ಎರೆ ನೀರಲ್ಲಿ ಇದ್ದರೂ ಇಲ್ಲದ ಹಾಗೆ.

ಕಚ್ಚಿದ್ದು ಯಾರು?

ಕಾಣೆ ಕುಕ್ಕುತ್ತದೆ. ಟುಕುಟುಕು ಅಂತ ಎರಡು ಮೂರು ಸಲ, ಆಮೇಲೆ ಸಣ್ಣ ಎಳೆತ. ಆ ಎಳೆತಕ್ಕೆ ಮಣಿಕಟ್ಟು ಮಾತ್ರ ಎತ್ತಿ, ಕೈಯೆಲ್ಲ ಬೀಸಿದರೆ ಬಾಯಿ ಹರಿದು ಹೋಗುತ್ತದೆ. ಇದನ್ನು ಹುಡುಕಬೇಕಾದ್ದು ಕೋಡಿ ಕಡೆಯ ಮರಳು ತಳದಲ್ಲಿ. ಹೆದರಿದರೆ ಮರಳೊಳಗೆ ಹೂತುಕೊಳ್ಳುವ ಮೀನು ಇದು, ನೀರಲ್ಲಿ ದಪದಪ ಓಡಾಡಬೇಡಿ.

ಕೆಂಬೇರಿಗೆ ಮುನ್ಸೂಚನೆ ಇಲ್ಲ. ರಾಡು ಒಮ್ಮೆಲೇ ಬಾಗುತ್ತದೆ. ಕಚ್ಚಿದ ಕೂಡಲೇ ಅದು ಕಂಬದ ಬುಡಕ್ಕೋ ಬೇರಿನ ಸಂದಿಗೋ ಓಡುತ್ತದೆ. ಮೊದಲ ಹತ್ತು ಸೆಕೆಂಡು ದಾರ ಬಿಡಬೇಡಿ, ಅಷ್ಟರಲ್ಲಿ ತಿರುಗಿಸಿದರೆ ಮೀನು ನಿಮ್ಮದು. ಹೊಳೆಯಲ್ಲಿ ಸಿಗುವುದು ಹೆಚ್ಚಾಗಿ ಮರಿಗಳು. ಬೆಳೆದ ಮೇಲೆ ಅವು ಸಮುದ್ರದ ಕಲ್ಲುಗಳಿಗೆ ಹೋಗುತ್ತವೆ. ಅಂಗೈ ಅಗಲದ್ದನ್ನು ವಾಪಸು ಬಿಡಿ.

ಕುರುಡಿಯೂ ಹಾಗೆಯೇ ಬಿಡುವ ಯೋಗ್ಯತೆಯ ಮೀನು. ಮೊದಲು ಗಂಡಾಗಿ ಬೆಳೆದು, ವರ್ಷಗಳು ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅಂದರೆ ಫೋಟೋಗೆ ನಿಲ್ಲುವಷ್ಟು ದೊಡ್ಡವು ಬಹುಪಾಲು ಮೊಟ್ಟೆ ಇಡುವ ತಾಯಂದಿರು. ಇದರ ಕಿವಿರಿನ ಮುಚ್ಚಳದ ಅಂಚು ಬ್ಲೇಡು. ದಾರ ಅದಕ್ಕೆ ತಾಗಿದರೆ ಹೋಯಿತು, ಬೆರಳು ತಾಗಿದರೂ ಹೋಯಿತು.

ಶೇಡಿ ಅವಸರ ಮಾಡುವುದಿಲ್ಲ. ನಿಧಾನಕ್ಕೆ ನುಂಗಿ, ನಿಧಾನಕ್ಕೆ ಹೊರಡುತ್ತದೆ. ದಾರ ಒಂದೇ ಸಮ ಹೋಗುತ್ತಾ ಇರುತ್ತದೆ. ಇದನ್ನು ಹಿಡಿಯುವುದು ಸುಲಭ, ಬಿಡಿಸುವುದು ಕಷ್ಟ. ಬೆನ್ನಿನ ಮೇಲೆ ಒಂದು, ಎರಡು ಬದಿಗೆ ಎರಡು ಮುಳ್ಳು. ಅಂಚಲ್ಲಿ ಗರಗಸ, ಮೇಲೆ ವಿಷ. ದಪ್ಪ ಗೋಣಿ ಬಟ್ಟೆ ಹಾಕಿ ಹಿಡಿದು, ಉದ್ದ ಮೂತಿಯ ಇಕ್ಕಳದಿಂದ ಗಾಳ ತೆಗೆಯಿರಿ. ಬಾಯಿ ತೆರೆದಾಗ ಒಳಗೆ ಗೋಲಿಯಂಥ ಹಳದಿ ಮೊಟ್ಟೆಗಳು ಕಂಡರೆ ಅದು ಅಪ್ಪ. ಈ ಜಾತಿಯಲ್ಲಿ ಗಂಡು ಮೀನು ಮರಿಯಾಗುವವರೆಗೆ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಳ್ಳುತ್ತದೆ, ಆ ದಿನಗಳಲ್ಲಿ ಊಟವನ್ನೇ ಬಿಡುತ್ತದೆ. ಗಾಳಕ್ಕೆ ಅಪರೂಪಕ್ಕೆ ಬರುತ್ತದೆ. ಬಂದರೆ ನೀರಿನ ಮಟ್ಟದಲ್ಲೇ ದಾರ ಕತ್ತರಿಸಿ ಬಿಟ್ಟುಬಿಡಿ.

ಮುಳ್ಳು ಚುಚ್ಚಿದರೆ? ಗಾಯ ತೊಳೆದು, ತಡೆಯುವಷ್ಟು ಬಿಸಿ ನೀರಲ್ಲಿ, ಸುಮಾರು 45 ಡಿಗ್ರಿ, ಕೈ ಅದ್ದಿ ಇಡಿ. ಸುಡುವಷ್ಟು ಬಿಸಿ ಬೇಡ. ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ನೋವು ಇಳಿಯುತ್ತದೆ. ಆಮೇಲೆ ಡಾಕ್ಟರ ಹತ್ತಿರ ಹೋಗಿ, ಮುರಿದ ಚೂರು ಒಳಗೆ ಉಳಿದಿದ್ದರೆ ಕೀವಾಗುತ್ತದೆ. ತೊರಕೆ (ಸ್ಟಿಂಗ್‌ರೇ) ಮೀನಿನ ಬಾಲದ ಏಟಿಗೂ ಇದೇ ಮೊದಲ ಉಪಚಾರ, ಆದರೆ ಅದಕ್ಕೆ ಆಸ್ಪತ್ರೆಗೆ ತಡ ಮಾಡಲೇಬಾರದು. ಮರಳಲ್ಲಿ ನಡೆಯುವಾಗ ಕಾಲು ಎತ್ತಿ ಇಡದೆ ಜಾರಿಸುತ್ತಾ ಹೋದರೆ ತೊರಕೆ ತಾನೇ ಎದ್ದು ಹೋಗುತ್ತದೆ.

ಹೊಟ್ಟೆ ಊದಿಸಿಕೊಳ್ಳುವ ಗುಂಡು ಮೀನು ಬಂದರೆ ತಿನ್ನಬೇಡಿ, ಬೆಕ್ಕಿಗೂ ಹಾಕಬೇಡಿ. ವಿಷ. ಅದರ ಹಲ್ಲು ನೈಲಾನನ್ನು ಕತ್ತರಿಯಂತೆ ತುಂಡರಿಸುತ್ತದೆ. ಗಾಳ ಮೇಲಿಂದ ಮೇಲೆ ಮಾಯವಾಗುತ್ತಿದ್ದರೆ ಜಾಗ ಬದಲಿಸಿ.

ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು

ಮರಳಿಗೆ ಕೋಡಿ ಮತ್ತು ಗಂಗೊಳ್ಳಿಯ ಅಳಿವೆ ಭಾಗ, ಕೆಸರು ಮತ್ತು ಕಾಂಡ್ಲಾಕ್ಕೆ ಕನ್ನಡಕುದ್ರು, ಹೆಮ್ಮಾಡಿ ಕಡೆಯ ದಂಡೆ, ಆಳಕ್ಕೆ ಅರಾಟೆ ಸೇತುವೆಯ ಕಂಬಗಳ ಹತ್ತಿರ. ಕಂಬದ ಸುತ್ತ ಸೆಳೆತ ಮಣ್ಣು ಕೊರೆದು ಹೊಂಡ ಮಾಡಿರುತ್ತದೆ, ಕೆಂಬೇರಿಗೆ ಅದು ಇಷ್ಟ. ಆದರೆ ಸೇತುವೆಯ ಮೇಲೆ ನಿಂತು ಹಾಕಬೇಡಿ ಮಾರಾಯ್ರೆ. ಹಿಂದೆ ಬಸ್ಸುಗಳು ಹೇಗೆ ಹೋಗುತ್ತವೆ ಅಂತ ನೋಡಿದ್ದೀರಲ್ಲ. ಕೆಳಗಿನ ದಂಡೆಯಿಂದಲೇ ಕಂಬದ ಕಡೆಗೆ ಎಸೆಯಬಹುದು. ಅಳಿವೆಯ ತಡೆಗೋಡೆಯ ಕಲ್ಲುಗಳ ಮೇಲೆ ಪಾಚಿ ಇರುವ ಮಟ್ಟಕ್ಕಿಂತ ಕೆಳಗೆ ಇಳಿಯಬೇಡಿ. ಪಾಚಿ ಇದೆ ಅಂದರೆ ಅಲೆ ಅಲ್ಲಿಗೆ ಬರುತ್ತದೆ ಅಂತಲೇ ಅರ್ಥ.

ಮರಳು ತೆಗೆದ ಕಡೆ ಹೊಳೆ ನಂಬಬಾರದು. ಮೊಣಕಾಲು ನೀರು, ಮುಂದಿನ ಹೆಜ್ಜೆಗೆ ತಲೆ ಮುಳುಗುವ ಹೊಂಡ. ಇಳಿತದಲ್ಲಿ ನಡೆದು ದಿಬ್ಬಕ್ಕೆ ಹೋದವರು ನೀರು ತಿರುಗುವ ಮೊದಲೇ ದಂಡೆಗೆ ಬರಬೇಕು. ದಿಬ್ಬ ಮುಳುಗುವ ಮೊದಲು ನಿಮ್ಮ ಮತ್ತು ದಂಡೆಯ ನಡುವಿನ ತಗ್ಗು ತುಂಬುತ್ತದೆ. ಬರಿಗಾಲು ಬೇಡ, ಕಲ್ಲಿಗೆ ಅಂಟಿದ ಚಿಪ್ಪು ಕೊಯ್ಯುತ್ತದೆ. ದೋಣಿಯಲ್ಲಿ ಹೋಗುವುದಾದರೆ ಲೈಫ್ ಜಾಕೆಟ್ ಮೈಮೇಲೆ ಇರಲಿ, ಹಲಗೆ ಕೆಳಗಲ್ಲ. ಮೀನುಗಾರರ ಬಲೆ ಇರುವ ಕಡೆ ಗಾಳ ಎಸೆಯಬೇಡಿ. ನಮಗೆ ಇದು ಸಂಜೆಯ ಶೋಕಿ, ಅವರಿಗೆ ಹೊಟ್ಟೆಪಾಡು. ತುಂಡಾದ ನೈಲಾನ್ ದಾರವನ್ನು ಜೇಬಿಗೆ ಹಾಕಿಕೊಂಡು ಬನ್ನಿ, ಕೊಕ್ಕರೆ ಕಾಲಿಗೆ ಸುತ್ತಿಕೊಂಡದ್ದನ್ನು ಬಿಡಿಸುವುದು ಸುಲಭವಲ್ಲ.

ಮನೆಗೆ ಬಂದ ಮೇಲೆ ರೀಲನ್ನು ಸಿಹಿ ನೀರಲ್ಲಿ ಒರೆಸಿ, ಒಣಗಿಸಿ, ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ನಲ್ಲಿ ಜೋರಾಗಿ ಬಿಡಬೇಡಿ, ಉಪ್ಪು ಒಳಗೆ ನುಗ್ಗುತ್ತದೆ. ಉಳಿದ ಸಿಗಡಿ ಬಿಸಾಡಬೇಡಿ. ತಲೆ, ಸಿಪ್ಪೆ ತೆಗೆದು ಒಂದು ಪದರ ಕಲ್ಲುಪ್ಪು, ಒಂದು ಪದರ ಸಿಗಡಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿಟ್ಟ ನೀರು ಬಸಿದು, ಬಟ್ಟೆಯಲ್ಲಿ ಒತ್ತಿ, ಡಬ್ಬಿಗೆ ತುಂಬಿ ಫ್ರೀಜರಿನಲ್ಲಿಡಿ. ತಾಜಾ ಸಿಗಡಿಗಿಂತ ಗಟ್ಟಿಯಾಗಿ ಗಾಳದಲ್ಲಿ ನಿಲ್ಲುತ್ತದೆ, ಮುಂದಿನ ಏಕಾದಶಿವರೆಗೆ ಕೆಡುವುದಿಲ್ಲ. ಡಬ್ಬಿಯ ಮೇಲೆ "ಎರೆ" ಅಂತ ದೊಡ್ಡದಾಗಿ ಬರೆದಿಡಿ. ಇಲ್ಲದಿದ್ದರೆ ಯಾರಾದರೂ ಅದನ್ನು ಸುಕ್ಕಕ್ಕೆ ಹಾಕಿಬಿಡುತ್ತಾರೆ, ಆಮೇಲೆ ಆ ಉಪ್ಪಿನ ಬೈಗುಳ ತಿನ್ನಬೇಕಾದವರು ನೀವು.